ಮಾತಿನ ಬಾಲ

ಪಾರ್ಶ್ವವಾಯು ಹೊಡೆದ ಮೇಲೆ ಅತ್ತೆಯ ಬಲಗೈ ಜೊತೆ ಮಾತೂ ಅರ್ಧ ಹೋಯಿತು. ಪ್ರತಿ ಮಾತಿನ ಕೊನೆಯ ಅರ್ಧ. ಕಿಟಕಿ, ಚಾದರ, ಚಳಿ ಎಂದು ಸ್ಪಷ್ಟವಾಗಿಯೇ ಹೇಳುತ್ತಿದ್ದರು. ಕಿಟಕಿಗೆ, ಚಾದರದೊಳಗೆ ಎನ್ನುವಾಗ ಕೊನೆಗೆ ಅಂಟಿಕೊಳ್ಳುವ ಚೂರುಗಳು ಮಾತ್ರ ನಾಲಿಗೆಗೆ ಸಿಗುತ್ತಿರಲಿಲ್ಲ. ‘ಕಿಟಕಿ’ ಅಂದರೆ ತೆಗೆಯಬೇಕೋ, ಮುಚ್ಚಬೇಕೋ, ಅದರಾಚೆ ಯಾರನ್ನಾದರೂ ಕಂಡರೋ, ನಾವೇ ಊಹಿಸಬೇಕಿತ್ತು.

ಆಸ್ಪತ್ರೆಯಿಂದ ಮಾತು ಕಲಿಸಲು ಬರುತ್ತಿದ್ದ ಮೇಡಂ ಇದಕ್ಕೊಂದು ಅಭ್ಯಾಸ ಹೇಳಿಕೊಟ್ಟರು. ಮಾತಿನ ತಲೆ ನೀವು ಹೇಳಿ, ಬಾಲ ಅವರು ಸೇರಿಸಲಿ, ಅವಸರ ಮಾಡಬೇಡಿ ಎಂದರು. ನನಗೆ ತಾಳ್ಮೆಗೇನೂ ಕೊರತೆಯಿರಲಿಲ್ಲ, ಪುರುಸೊತ್ತಿಗಿತ್ತು. ಬಟ್ಟೆ ಕಾರ್ಖಾನೆಯವರು ಕಳಿಸುವ ಅಂಗಿಗಳಿಗೆ ಮನೆಯಲ್ಲೇ ಕೂತು ತೋಳು ಹೊಲಿಯುವುದು ನನ್ನ ಕೆಲಸ. ಹೀಗಾಗಿ ಅಜ್ಜಿಯ ಮಂಚದ ಮೇಲೆ ಕಾಲಾಡಿಸುತ್ತಾ ಕೂರುವ ನನ್ನ ಐದು ವರ್ಷದ ಮಗಳೇ ಮೇಡಂ ಆದಳು. ಆದರೆ ಅಭ್ಯಾಸ ತಿರುವುಮುರುವಾಯಿತು. ಅಜ್ಜಿಗೆ ತಲೆ ಮಾತ್ರ ಬರುತ್ತದೆಂದು ಕಂಡು, ಪಾಪ, ಬಾಲವನ್ನು ಇವಳೇ ಕೊಡತೊಡಗಿದಳು.

“ಕಿಟಕಿ,” ಎಂದರು ಅತ್ತೆ.

“…ಯಿಂದ.”

“ಚಳಿ.”

“…ಯಾಗ್ತಿದೆ.”

ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ. ಅತ್ತೆಯ ಕಣ್ಣಲ್ಲಿ ನೀರು ಬಂತು, ಅಷ್ಟು ಸಮಾಧಾನ. ಅತ್ತೆ ಸೊಸೆ ಜಗಳಕ್ಕೂ ಇನ್ನು ಈ ವಕೀಲಮ್ಮನೇ ಗತಿ ಎಂದು ನನ್ನವರು ತಮಾಷೆ ಮಾಡಿದರು. ನಾನೂ ನಕ್ಕೆ. ಇಬ್ಬರೂ ದಿನವಿಡೀ ಹಾಗೆ ಮಾತಾಡಿಕೊಂಡಿದ್ದರೆ ನನ್ನ ಕೈ ಕೆಲಸ ಸರಾಗವಾಗಿ ಸಾಗುತ್ತಿತ್ತು.

ಒಂದು ದಿನ ಮಗಳು ಮೆಟ್ಟಿಲ ಮೇಲೆ ಬಿದ್ದು ಅಳುತ್ತಾ ಬಂದಳು. ಎತ್ತಿಕೊಂಡು ಎಲ್ಲಿ ನೋವು ಪುಟ್ಟಾ ಎಂದು ಕೇಳಿದೆ.

“…ಯಲ್ಲಿ,” ಎಂದಳು.

ತುಂಟಾಟ ಅಂದುಕೊಂಡೆ. ಸರಿಯಾಗಿ ಹೇಳು ಕಂದಾ ಎಂದೆ. ಬಾಯಿ ತೆರೆದಳು, ತುಟಿ ಅಲ್ಲಾಡಿತು, ಏನೂ ಬರಲಿಲ್ಲ. ಆಮೇಲೆ ಮತ್ತೆ ಅದೇ “…ಯಲ್ಲಿ.” ಹಾಗೆನ್ನುವಾಗ ಅವಳು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಒಳಕೋಣೆಯ ಬಾಗಿಲನ್ನು. ಮಂಡಿ ಕೆಂಪಗೆ ತರಚಿಹೋಗಿರುವುದನ್ನು ನಾನೇ ಹುಡುಕಿಕೊಳ್ಳಬೇಕಾಯಿತು.

ಮೇಡಂ ಬಂದಾಗ ಚಿತ್ರಗಳ ಕಟ್ಟನ್ನು ಅವಳ ಮುಂದೆ ಹರಡಿದರು. ಚೆಂಡು, ಕೊಡೆ, ಬೆಕ್ಕು. ಎಲ್ಲ ಗೊತ್ತಿರುವವೇ. ಒಂದಕ್ಕೂ ಉತ್ತರವಿಲ್ಲ. ಕೊಡೆ ಎಂದು ಮೇಡಂ ತಾವೇ ಅಂದಾಗ ಮಾತ್ರ ಥಟ್ಟನೆ ಅದಕ್ಕೊಂದು ಬಾಲ ಬಂತು. ಅವರು ಚಿತ್ರಗಳನ್ನು ಮೆಲ್ಲಗೆ ಎತ್ತಿಟ್ಟುಕೊಂಡು ನನ್ನನ್ನು ಹೊರಗೆ ಕರೆದರು. ಇಬ್ಬರನ್ನೂ ಈಗಲೇ ಬೇರೆ ಮಾಡಿ, ತಡವಾದರೆ ಮಗುವಿಗೆ ತನ್ನದು ಅನ್ನುವ ಮಾತೇ ಉಳಿಯಲಿಕ್ಕಿಲ್ಲ ಎಂದರು.

ಅಂದೇ ಒಳಕೋಣೆಯ ಬಾಗಿಲು ಹಾಕಿದೆ. ಮಗಳನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂರಿಸಿಕೊಂಡೆ. ಬಟ್ಟೆ ಚೂರುಗಳ ನಡುವೆ ಸುಮ್ಮನೆ ಕೂತಿದ್ದಳು. ಯಂತ್ರ ನಿಲ್ಲಿಸಿ ಸೂಜಿಗೆ ದಾರ ಪೋಣಿಸುವಾಗ ಅವಳ ದನಿ ಕೇಳಿಸಿತು.

“…ಯಲ್ಲಿ.” ಸ್ವಲ್ಪ ಬಿಟ್ಟು, “…ವರಿಗೆ.” ಮತ್ತೆ ಸ್ವಲ್ಪ ಬಿಟ್ಟು, “…ಬೇಕಂತೆ.”

ಎದ್ದು ಹೋಗಿ ಒಳಕೋಣೆಯ ಬಾಗಿಲು ತೆಗೆದೆ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಅವರ ಬಾಯಿಗೆ ಕಿವಿ ತಾಗಿಸಿದರೂ ಬರೀ ಉಸಿರು. ಆ ಉಸಿರಲ್ಲೇ ಮಾತು ಹುಡುಕಿಕೊಳ್ಳಬೇಕಿತ್ತು. ಅವರು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು.

“ಮೂಲೆ,” ಎಂದಿತು ಉಸಿರು.

“…ಯಲ್ಲಿ,” ಎಂದಳು ಮಗಳು, ಆಚೆ ಕೋಣೆಯಿಂದ.

“ನಿಂತ.”

“…ವರಿಗೆ.”

“ಕುರ್ಚಿ.”

“…ಬೇಕಂತೆ.”

ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆಯೊಂದು ಬಿಟ್ಟರೆ ಇನ್ನೇನೂ ಇರಲಿಲ್ಲ. ನಾನು ಅಡುಗೆಮನೆಯ ಕುರ್ಚಿ ತಂದು ಅಲ್ಲಿ ಹಾಕಿದೆ. ಯಾಕೆ ಎಂದರೆ ಏನು ಹೇಳಲಿ. ಮನೆಯಲ್ಲಿ ಯಾರಾದರೂ ನಿಂತೇ ಇದ್ದರೆ ನನಗೆ ಕೈಕಾಲು ಆಡುವುದಿಲ್ಲ.

ಮರುದಿನ ಮಧ್ಯಾಹ್ನ ಅತ್ತೆ ತೀರಿಕೊಂಡರು.

ಬಂದವರೆಲ್ಲ ಹೋಗಿ, ಮಂಚ ಬಿಚ್ಚಿಟ್ಟು, ನೆಲ ಒರೆಸಿ ಆದ ಮೇಲೆ, ಇನ್ನಾದರೂ ಮಗಳು ನನ್ನವಳಾಗುತ್ತಾಳೆ ಎಂದು ಹೊಟ್ಟೆಯೊಳಗೆ ಎಲ್ಲೋ ಅನಿಸಿತು. ಅವಳು ಖಾಲಿ ಕೋಣೆಯಲ್ಲಿ ಆ ಕುರ್ಚಿಯ ಎದುರು ನೆಲದ ಮೇಲೆ ಕೂತಿದ್ದಳು.

“…ಯೊಳಗೆ,” ಎಂದಳು. ಒಂದು ಮಾತಿನ ತಲೆ ಹಿಡಿಸುವಷ್ಟು ಜಾಗ ಬಿಟ್ಟು, “…ರನ್ನು.” ಮತ್ತಷ್ಟೇ ಜಾಗ. ಒಮ್ಮೆ ಆ ಕಡೆಯಿಂದ ಏನೋ ತಮಾಷೆ ಬಂದಂತೆ ನಕ್ಕಳು ಕೂಡ.

ಮುಂದಿನ ದಿನಗಳಲ್ಲಿ ಅದು ಜಾಸ್ತಿಯೇ ಆಯಿತು. ತಟ್ಟೆಯ ಮುಂದೆ ಕೂರಿಸಿದರೆ ಕುತ್ತಿಗೆ ಆ ಕುರ್ಚಿಯ ಕಡೆ ತಿರುಗುತ್ತಿತ್ತು. ನಾನು ಕರೆದರೆ ಗದ್ದಲದಲ್ಲಿ ಕೇಳಿಸದವಳ ಹಾಗೆ ಹುಬ್ಬು ಗಂಟಿಕ್ಕುತ್ತಿದ್ದಳು. ಬರಬರುತ್ತಾ ಊಟ ಬಿಟ್ಟಳು. ಮೇಡಂ ಬಾಗಿಲಲ್ಲೇ ನಿಂತು ಒಂದೆರಡು ನಿಮಿಷ ಕೇಳಿಸಿಕೊಂಡವರು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಒಂದು ಬೆಳಿಗ್ಗೆ ತಟ್ಟೆ ಹಿಡಿದು ಅವಳಿಗೂ ಕುರ್ಚಿಗೂ ನಡುವೆ ಕೂತೆ. ಅವಳು ಒಂದು ಬಾಲ ಹೇಳಿ ಕಾದಳು. ಆ ಬಿಡುವಿನೊಳಗೆ, ಬೇರೆ ಯಾರೂ ಬಾಯಿ ಹಾಕುವ ಮೊದಲೇ, “ಅಮ್ಮ,” ಎಂದೆ.

ಎಷ್ಟೋ ದಿನಗಳ ಮೇಲೆ ಅವಳು ನನ್ನ ಮುಖ ನೋಡಿದಳು. “…ನ ಹತ್ರ,” ಎಂದು ಬಾಯಿ ತೆರೆದಳು. ತುತ್ತು ಇಟ್ಟೆ.

ಅಲ್ಲಿಂದ ನಾನು ಬಿಡಲಿಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ತೋಳು ಕೂಡಿಸುವಾಗ, ಅವಳನ್ನು ಪಕ್ಕದಲ್ಲಿಟ್ಟುಕೊಂಡು ಒಂದರ ಹಿಂದೊಂದು ತಲೆ ಕೊಡುತ್ತಲೇ ಹೋದೆ. ಲೋಟ, ಅಂಗಿ, ಬಿಸಿಲು, ಕೋಳಿ. ಬಾಲ ನಾನು ಸೇರಿಸುವಂತಿಲ್ಲ. ಸೇರಿಸಿದರೆ ಅವಳಿಗೆ ಹೇಳಲು ಏನೂ ಉಳಿಯದೆ ಕುತ್ತಿಗೆ ಮತ್ತೆ ಆ ಕಡೆ ವಾಲುತ್ತಿತ್ತು. ನಿಧಾನವಾಗಿ ಅವಳ ಕೆನ್ನೆ ತುಂಬಿಕೊಂಡಿತು. ನಿದ್ದೆಯಲ್ಲೂ ನನ್ನ ಸೆರಗು ಹಿಡಿದಿರುತ್ತಾಳೆ.

ನನ್ನವರು ಗಮನಿಸಿದ್ದು ತಡವಾಗಿ. ನಿನ್ನೆ ಸಂಜೆ ಕೆಲಸದಿಂದ ಬಂದು, ಚಪ್ಪಲಿ ಕೂಡ ಬಿಡದೆ, ನನ್ನ ಭುಜ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

“ನಿನಗೇನಾಗಿದೆ? ಒಂದು ಮಾತು ಪೂರ್ತಿ ಹೇಳು ನೋಡೋಣ.”

ಹೇಳಬೇಕೆಂದೇ ಇದ್ದೆ. ಎಷ್ಟು ದಿನದಿಂದ ಒಬ್ಬಳೇ ನುಂಗಿಕೊಂಡಿದ್ದೆ. “ಹೆದರಿಕೆ,” ಎಂದೆ. ಮುಂದಿನದು ಗಂಟಲಲ್ಲಿತ್ತು, ನಾಲಿಗೆಯ ಮೇಲೆ ಇರಲಿಲ್ಲ. ತಡಕಾಡಿದೆ. ಅವರು ನನ್ನ ತುಟಿಯನ್ನೇ ನೋಡುತ್ತಾ ಕಾದರು.

ಸೆರಗಿನ ಮರೆಯಿಂದ ಮಗಳು ಸ್ಪಷ್ಟವಾಗಿ, ಮುದ್ದಾಗಿ ಅಂದಳು, “…ಯಿಲ್ಲ.”

ನಾನು ಹೇಳಹೊರಟಿದ್ದು ಅದಲ್ಲ. ಆದರೆ ಅವಳು ಹಾಗಂದ ಮೇಲೆ ಎದೆಯ ಡವಡವ ತಾನಾಗಿಯೇ ತಣ್ಣಗಾಯಿತು. ಅವರು ನನ್ನ ಭುಜದಿಂದ ಕೈ ತೆಗೆದು ಹಿಂದೆ ಸರಿದರು. ನಾನು ಅವಳನ್ನು ಎತ್ತಿಕೊಂಡು ಸೊಂಟದ ಮೇಲೆ ಕೂರಿಸಿಕೊಂಡು, ಒಲೆಯ ಕಡೆ ನಡೆದೆ.