ಎರಡು ಡಬ್ಬಿಯ ಚೀಟಿ

ಡಬ್ಬಿಗಳು ಮೂರನೇ ಬೆಂಚಿಗೆ ಬಂದಿದ್ದವು. ಇನ್ನೊಂದು ಬೆಂಚು ದಾಟಿದರೆ ಚನ್ನಾಜಮ್ಮನವರ ಸರದಿ.

ಹಳೆಯ ಬಿಸ್ಕತ್ತಿನ ಡಬ್ಬಿಗಳು. ಒಂದರಲ್ಲಿ ಇನ್, ಆನ್, ಅಂಡರ್ ಎಂದು ಸಾಮಾನು ಎಲ್ಲಿದೆ ಎಂಬುದನ್ನು ತೋರಿಸುವ ಪದಗಳ ಚೀಟಿ. ಇನ್ನೊಂದರಲ್ಲಿ ಆಂಡ್, ಬಟ್, ಬಿಕಾಸ್ ಎಂದು ಎರಡು ಮಾತಿಗೆ ಗಂಟು ಹಾಕುವ ಪದಗಳು. ಒಂದೊಂದರಿಂದ ಒಂದೊಂದು ಎತ್ತಿ, ಎರಡನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಬೇಕು. ಹೇಳಿದ್ದನ್ನು ಮುಂದಿನ ಮೇಜಿನ ಹತ್ತಿರ ಹೋಗಿ ಮಾಡಿ ತೋರಿಸಬೇಕು. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಎಂದು ಸರ್ಕಾರ ಹೇಳಿದ ವರ್ಷ ಅದು. ನರಸೀಪುರದ ಆ ಕೋಣೆಯಲ್ಲಿ ಮೂವತ್ತು ಜನ ಪ್ರೈಮರಿ ಶಾಲೆಯ ಮೇಷ್ಟ್ರು, ಮೇಡಂಗಳು ಒಂದು ವಾರದಿಂದ ತರಬೇತಿಗೆ ಕೂತು ಬೆವರುತ್ತಿದ್ದರು.

"ನಮ್ಮಲ್ಲಿ ಒಳಗೆ, ಮೇಲೆ ಅನ್ನೋದು ಹಿಂದ್ಗಡೆ ಬತ್ತದೆ. ಇವರಲ್ಲಿ ಮುಂದ್ಗಡೆನೇ ಬಂದು ನಿಂತ್ಕತದೆ," ಎಂದು ಪಕ್ಕದಲ್ಲಿದ್ದ ಪುಟ್ಟರಾಜು ಮೇಷ್ಟ್ರು ಪಿಸುಗುಟ್ಟಿದರು. "ಇಪ್ಪತ್ತೈದು ವರ್ಸ ಕನ್ನಡದಲ್ಲೇ ಬೈದು ಪಾಠ ಮಾಡ್ದೋನು ನಾನು. ಇನ್ಮೇಲೆ ಐಕ್ಳ ಇಂಗ್ಲಿಷ್ನಲ್ಲಿ ಎಂಗ್ ಬೈಲಿ ಮೇಡಂ?"

"ಬೈಯದೆ ಪಾಠ ಮಾಡಿ."

"ಅದು ಇಂಗ್ಲಿಷ್‌ಗಿಂತ ಕಷ್ಟ ಕಣ್ರೀ."

ಚನ್ನಾಜಮ್ಮ ನಗಲಿಲ್ಲ. ತಮ್ಮ ಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ, ಒಂದು ಅರ್ಜಿ ಮಡಚಿಟ್ಟುಕೊಂಡು ಬಂದಿದ್ದರು. ಆರೋಗ್ಯ ಸರಿಯಿಲ್ಲದ ಕಾರಣ ಸ್ವಯಂ ನಿವೃತ್ತಿ ಕೊಡಬೇಕೆಂಬ ಅರ್ಜಿ. ಸರ್ವೀಸು ಇನ್ನೂ ಮೂರು ವರ್ಷ ಇತ್ತು. ಇವತ್ತು ಸಂಜೆ ಕೊಟ್ಟುಬಿಟ್ಟರೆ ನಾಳೆಯಿಂದ ಮೂಗೂರಿನಿಂದ ಬಸ್ಸು ಹತ್ತುವುದು ತಪ್ಪುತ್ತದೆ. ಮನೆಯಲ್ಲಿ ಗಂಡ ರಾಚಯ್ಯ, "ಇಂಗ್ಲಿಷ್ ಬರಲ್ಲ ಅಂದ್ಬುಡು. ಕತ್ತು ಕುಯ್ದಾರಾ?" ಎಂದಿದ್ದರು. ಹೆದರಿಕೆ ಇಂಗ್ಲಿಷಿನದಲ್ಲ, ಅದನ್ನು ಕಲಿಸುವವರದು ಎಂದು ಗಂಡನಿಗೆ ಹೇಳಲು ಆಗಿರಲಿಲ್ಲ.

ಕಲಿಸುವವರ ಹೆಸರು ಸಿದ್ಧಾರ್ಥ. ಮೂವತ್ತೈದರ ಹೈಸ್ಕೂಲು ಮೇಷ್ಟ್ರು. ಮೊದಲ ದಿನ ಕವಲಂದೆ ಕಡೆಯವನು, ಚಲುವಯ್ಯನವರ ಮಗ ಎಂದು ಪರಿಚಯ ಹೇಳಿಕೊಂಡಾಗ ಚನ್ನಾಜಮ್ಮನವರಿಗೆ ಕಿವಿ ಬಿಸಿಯಾಗಿತ್ತು. ಅವರು ಮೊದಲು ಕೆಲಸಕ್ಕೆ ಸೇರಿದ್ದು ಆ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿನ ಹಾಜರಿ ಪುಸ್ತಕದಲ್ಲಿ ಈತನ ಹೆಸರು ಬರೀ ಸಿದ್ದ ಎಂದಿತ್ತು.

ಆ ಶಾಲೆಯ ಮೂಲೆಯಲ್ಲಿ ನೀರಿನ ಗುಡಾಣ ಇತ್ತು. ಊರೊಳಗಿನ ಮಕ್ಕಳು ತಾವೇ ಮೊಗೆದು ಕುಡಿಯುತ್ತಿದ್ದರು. ಕೇರಿಯ ಮಕ್ಕಳು ಬಾಗಿಲ ಹೊರಗೆ ಬೊಗಸೆ ಒಡ್ಡಿ ನಿಲ್ಲುತ್ತಿದ್ದರು. ಚನ್ನಾಜಮ್ಮ ಹೊಸ್ತಿಲ ಒಳಗೇ ನಿಂತು ಚೊಂಬನ್ನು ಮೇಲಕ್ಕೆತ್ತಿ ಹುಯ್ಯುತ್ತಿದ್ದರು. ಅವರ ಅವ್ವನೂ ಮನೆಯಲ್ಲಿ ಹಾಗೇ ಮಾಡುತ್ತಿದ್ದಳು. ಸಿದ್ದನ ಬೊಗಸೆ ಚಿಕ್ಕದು. ಅರ್ಧ ನೀರು ಮೊಣಕೈಗುಂಟ ಇಳಿದು ಚಡ್ಡಿ ನೆನೆಯುತ್ತಿತ್ತು. ಒಂದು ದಿನ ಅವನು ತಲೆ ಎತ್ತಿ, "ವಸಿ ಕೆಳಕ್ಕೆ ಬುಡಿ ಮೇಡಮ್ಮೋರೆ, ಚೆಲ್ತದೆ" ಎಂದಿದ್ದ. ಕೇಳಿಸಿಯೂ ಕೇಳಿಸದವರಂತೆ ಅವರು ಅಷ್ಟೇ ಮೇಲಿನಿಂದ ಹುಯ್ದು ಒಳಗೆ ಹೋಗಿದ್ದರು.

ಈ ವಾರವೆಲ್ಲ ಈತನಿಗೆ ಅದು ನೆನಪಿದೆಯೋ ಇಲ್ಲವೋ ಎಂದು ಮುಖ ನೋಡಿ ನೋಡಿ ಅವರಿಗೆ ಸಾಕಾಗಿತ್ತು. ಆತ ಎಲ್ಲರಿಗೂ ಹೇಳುವಂತೆ ಇವರಿಗೂ ಮೇಡಂ ಎನ್ನುತ್ತಿದ್ದ. ತಪ್ಪಿದರೆ ತಿದ್ದುತ್ತಿದ್ದ, ಸರಿಯಾದರೆ ಗುಡ್ ಎನ್ನುತ್ತಿದ್ದ. ಬೈದಿದ್ದರೂ ಇಷ್ಟು ಸುಸ್ತಾಗುತ್ತಿರಲಿಲ್ಲವೇನೋ.

ಡಬ್ಬಿಗಳು ಬಂದವು. ಮೊದಲನೆಯದರಲ್ಲಿ ಸಿಕ್ಕಿದ್ದು ಇನ್‌ಟು. ಎರಡನೆಯದರಲ್ಲಿ ಬಿಕಾಸ್.

ಮೇಜಿನ ಮೇಲೆ ಒಂದು ಚೆಂಡು, ಒಂದು ಬುಟ್ಟಿ, ನೀರು ತುಂಬಿದ ಸ್ಟೀಲ್ ಚೊಂಬು, ಒಂದು ಲೋಟ. ಚನ್ನಾಜಮ್ಮ ಎದ್ದು ಹೋಗಿ ಡಬ್ಬಿಗಳನ್ನೂ ಅಲ್ಲೇ ಇಟ್ಟರು.

"ನೀರು ಹಾಕೋದು ಮಾಡಿ ಮೇಡಂ, ಸುಲಭ," ಎಂದ ಸಿದ್ಧಾರ್ಥ. "ಲೋಟ ನಾನು ಹಿಡ್ಕೊತೀನಿ."

ಚನ್ನಾಜಮ್ಮ ಚೊಂಬು ಎತ್ತಿಕೊಂಡರು. "ಐ ಪೋರ್ ವಾಟರ್ ಇನ್‌ಟು ದ ಗ್ಲಾಸ್," ಎಂದರು. "ಬಿಕಾಸ್..." ಅಲ್ಲಿ ನಿಂತರು. "ಬಿಕಾಸ್ ಹಿ ಈಸ್ ಥರ್ಸ್ಟಿ."

ವಾಕ್ಯ ಮುಗಿಯಿತೆಂಬ ನೆಮ್ಮದಿಯಲ್ಲಿ ಅವರು ಕೈಯ ಕಡೆ ನೋಡಿರಲಿಲ್ಲ. ಕೈ ತಾನಾಗಿ ಮೇಲೆ ಹೋಗಿತ್ತು, ಲೋಟದಿಂದ ಒಂದು ಮೊಳ ಮೇಲೆ. ನೀರು ಲೋಟದ ಅಂಚಿಗೆ ಬಡಿದು ಆತನ ಅಂಗಿಯ ತೋಳಿಗೆ, ಮೇಜಿಗೆ, ತೆರೆದಿದ್ದ ಡಬ್ಬಿಗಳೊಳಕ್ಕೆ ಸಿಡಿಯಿತು.

"ಏನ್ ಮೇಡಂ, ನಂಜುಂಡೇಶ್ವರ್ನಿಗೆ ಅಭಿಸೇಕ ಮಾಡ್ದಂಗೆ ಮಾಡ್ತಿದ್ದೀರಿ," ಎಂದರು ಪುಟ್ಟರಾಜು. ಎಲ್ಲರೂ ನಕ್ಕರು.

ಸಿದ್ಧಾರ್ಥ ನಗಲಿಲ್ಲ. ಲೋಟವನ್ನೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಗು ಅಡಗುವವರೆಗೆ ಕಾದು, ಇವರಿಗೆ ಮಾತ್ರ ಕೇಳುವಂತೆ ಹೇಳಿದ.

"ವಸಿ ಕೆಳಕ್ಕೆ ಬುಡಿ ಮೇಡಮ್ಮೋರೆ. ಚೆಲ್ತದೆ."

ಚನ್ನಾಜಮ್ಮ ಇನ್ನೊಂದು ಕೈಯನ್ನೂ ಆಸರೆಗೆ ಕೊಟ್ಟು ಚೊಂಬನ್ನು ಇಳಿಸಿದರು, ಇನ್ನೂ ಇಳಿಸಿದರು. ಅದರ ಬಾಯಿ ಲೋಟದ ಅಂಚಿಗೆ ತಾಗಿ ಟಣ್ ಎಂದಿತು. ತುಂಬುವವರೆಗೂ ಅಲ್ಲೇ ಇಟ್ಟುಕೊಂಡಿದ್ದರು. ಸಿದ್ಧಾರ್ಥ ಲೋಟವನ್ನು ಕಚ್ಚಿ, ನಿಧಾನವಾಗಿ, ಒಂದು ತೊಟ್ಟೂ ಬಿಡದೆ ಕುಡಿದ.

"ವಾಕ್ಯ ಸರಿಯಾಗಿದೆ ಮೇಡಂ," ಎಂದು ಲೋಟ ಕೆಳಗಿಟ್ಟ. ಮತ್ತೆ ಎಲ್ಲರ ಕಡೆ ತಿರುಗಿ, "ಊಟಕ್ಕೆ ಹೋಗಿ ಬನ್ನಿ. ಉಳಿದವರದು ಮಧ್ಯಾಹ್ನ," ಎಂದ.

ಬೆಂಚುಗಳು ಸರಿದವು. ಚನ್ನಾಜಮ್ಮ ಸೆರಗಿನಿಂದ ಮೇಜು ಒರೆಸಿದರು. ಡಬ್ಬಿಯ ಚೀಟಿಗಳು ನೆಂದು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನು ಬಾಗಿಲ ಹತ್ತಿರ ಬಿಸಿಲಿಗೆ ತಂದರು. ಹರಡುವುದಕ್ಕೆ ಕೆಳಗೆ ಏನಾದರೂ ಬೇಕಿತ್ತು. ಚೀಲದಲ್ಲಿ ತಡಕಿದರು. ಸಿಕ್ಕಿದ್ದು ಒಂದೇ ಕಾಗದ, ಊಟದ ಡಬ್ಬಿಯ ಕೆಳಗಿದ್ದ ಅರ್ಜಿ. ಮಡಿಕೆ ಬಿಚ್ಚಿ ನೆಲದ ಮೇಲೆ ಹಾಸಿ, ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಅದರ ಮೇಲೆ ಜೋಡಿಸಿದರು.

"ಬನ್ನಿ ಮೇಡಂ, ಅನ್ನ ಆರೋಯ್ತದೆ," ಎಂದು ಪುಟ್ಟರಾಜು ಹೊರಗಿನಿಂದ ಕರೆದರು.

"ನೀವು ಉಣ್ಣಿ. ಇವು ಮಧ್ಯಾಹ್ನಕ್ಕೆ ಬೇಕಲ್ಲ, ಒಣಗಲಿ."

ಬಾಗಿಲ ಹೊರಗೆ, ಗೋಡೆಗೆ ಒರಗಿ ಅವರು ಕೂತರು. ಚೀಟಿಗಳ ಶಾಯಿ ಕೆಳಗಿನ ಕಾಗದಕ್ಕೆ ನೀಲಿಯಾಗಿ ಇಳಿಯುತ್ತಿತ್ತು. ಗಾಳಿ ಬಂದಾಗ ಕಾಗದ ಏಳದಂತೆ ಅದರ ಅಂಚಿನ ಮೇಲೆ ಅಂಗೈ ಇಟ್ಟುಕೊಂಡರು.