ಗುಲಾಬಿ ಗುಳಿಗೆ

ತೋಳು ಬಗ್ಗಲಿಲ್ಲ. ಸೂಗಮ್ಮ ಸತ್ತ ಮಗನ ಅಂಗಿಯನ್ನು ಕತ್ತರಿಯಿಂದ ಸೀಳಿದಳು. ಜೇಬಿನಿಂದ ಪ್ಲಾಸ್ಟಿಕ್ ಪೊಟ್ಟಣವೊಂದು ಜಾರಿಬಿತ್ತು. ಒಳಗೆ ಎರಡು ಗುಲಾಬಿ ಗುಳಿಗೆ.

"ಇವೇನ್ರಿ?"

ಗಂಡ ಅಮರೇಶಪ್ಪ ಗಬಕ್ಕನೆ ಎತ್ತಿ ಮುಷ್ಟಿಯಲ್ಲಿಟ್ಟುಕೊಂಡ. "ಮೆಲ್ಲಕ ಮಾತಾಡು. ಬೀಗರು ಹೊರಗ ಕೂತಾರ. ಇವನ್ನ ಅವನ ಸಂಗಾಟ ಕುಣಿಯಾಗ ಹಾಕಿಬಿಡ್ತೀನಿ."

ಮಗಳ ಮದುವೆ ಗೊತ್ತಾಗಿ ತಿಂಗಳೂ ಆಗಿರಲಿಲ್ಲ. ವೈಜನಾಥನಿಗೆ ನಿದ್ದೆಯಲ್ಲೇ ಹಾರ್ಟ್ ಅಟ್ಯಾಕ್ ಆಯಿತೆಂದು ಬಂದವರಿಗೆಲ್ಲ ಹೇಳಿಯಾಗಿತ್ತು. ಗಚ್ಚಿಬೌಲಿಯ ಪಾರ್ಟಿಗಳಿಗೆ ಲೈಟು ಕಟ್ಟುತ್ತಿದ್ದ ಹುಡುಗ, ದಿನಾ ಏಣಿ ಹತ್ತಿ ಇಳಿಯುವವನು, ಅವನ ಎದೆಗೆ ಏನು ಧಾಡಿಯಾಗಿತ್ತು? ಒಬ್ಬರಾದರೂ ಕೇಳಬೇಡವೇ! ನಾಳೆ ತೆಲಂಗಾಣ ಬಂದ್ ಇದೆ, ಬೇಗ ಮುಗಿಸಿ ಎನ್ನುವವರೇ ಎಲ್ಲ.

ಮೈ ತೊಳೆದು, ವಿಭೂತಿ ಹಚ್ಚಿ, ಅಂಗಳದಲ್ಲಿ ಹೆಣ ಹೊರುವ ಹೂವಿನ ವಿಮಾನದೊಳಗೆ ಅವನನ್ನು ಕೂಡಿಸುತ್ತಿದ್ದಾಗ ಬಸವರಾಜ ಹಿಂಬಾಗಿಲಿಂದ ಬಂದ. ಮಗನ ಜೊತೆ ಲೈಟು ಕಟ್ಟುವವನು. ಬಂದವನೇ ಸೂಗಮ್ಮನ ಕಾಲು ಹಿಡಿದ.

"ಅವ್ವಾ, ನಮ್ಮ ಸಂಗಾಟ ಲೈಟು ಕಟ್ಟೋ ರಾಮದಾಸ ದವಾಖಾನಿಯಾಗ ಅದಾನ. ಮೈಮ್ಯಾಲ ಖಬರ ಇಲ್ಲ, ಮೈ ಕೆಂಡ ಆಗೈತಿ. ನಿನ್ನಿ ಇಬ್ಬರೂ ಒಂದ ಥರದ ಗುಳಿಗಿ ತಗೊಂಡಿದ್ರು. ಏನು ತಗೊಂಡಾನಂತ ಡಾಕ್ಟರ್ ಕೇಳಾಕತ್ತಾರ. ಒಂದರೆ ಸಿಕ್ಕರ ಪರೀಕ್ಷಾ ಮಾಡ್ತಾರಂತ."

"ಮೊದಲೂ ತಗೋತಿದ್ರೇನು?"

"ದೀಪಾವಳಿ ಪಾರ್ಟಿಗೆ ಒಮ್ಮೆ. ಅವೂ ಗುಲಾಬಿನ ಇದ್ವು. ವೈಜನಾಥ ಖುಷಿಲೇ ಮನಿಗಿ ಬಂದಿದ್ದ. ಈ ಸಲ ಏನೇನು ಬೆರೆಸ್ಯಾರೋ, ಮಾರಿದಾವಗೂ ಗೊತ್ತಿಲ್ಲ."

*

ದೀಪಾವಳಿಯ ಮರುದಿನ ನಸುಕಿನಲ್ಲಿ ಬಂದವನು ಅಡುಗೆಮನೆಯಲ್ಲಿ ಅವಳ ಪಕ್ಕ ಕೂತಿದ್ದ. ರೊಟ್ಟಿ ಬಡಿಯುವ ಕೈಯನ್ನು ಹಿಟ್ಟಿನ ಸಮೇತ ಹಿಡಿದು ಕೆನ್ನೆಗೆ ಒತ್ತಿಕೊಂಡ.

"ಅವ್ವಾ, ನೀ ಎಷ್ಟ್ ಚಂದ ಅದೀ!"

"ಬಿಡೋ ಹುಚ್ಚಪ್ಪ, ರೊಟ್ಟಿ ಹೊತ್ತತೈತಿ."

ಬಿಡಲಿಲ್ಲ. ನೀ ಇಲ್ಲದಿದ್ದರೆ ನಾನು ಯಾರಿಗೆ ಬೇಕು ಎಂದು ಕಣ್ಣೀರಿಟ್ಟ. ಊಟಕ್ಕೆ ಬಾ ಅಂದರೆ ತುಟಿ ಬಿಚ್ಚದ ಮಗ! ಸೂಗಮ್ಮ ಹಿಗ್ಗಿ ಹೀರೇಕಾಯಿಯಾಗಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

*

ಹಾಗಾದರೆ ಅವತ್ತು ಮಾತಾಡಿದ್ದು ಮಗನೋ, ಗುಳಿಗೆಯೋ? ಗಂಡನನ್ನು ಒಳಗೆ ಕರೆದಳು.

"ಕೊಡ್ರಿ ಇಲ್ಲೆ."

"ತಲಿ ಕೆಟ್ಟೈತೇನು? ಪೊಲೀಸರು ಬರ್ತಾರ. ಬೀಗರು ಎದ್ದು ಹೋಗ್ತಾರ. ಮಗಳ ಗತಿ?"

"ರಾಮದಾಸ ಇನ್ನೂ ಉಸಿರಾಡಾಕತ್ತಾನ್ರೀ!"

ಅಮರೇಶಪ್ಪ ಮುಷ್ಟಿ ಬಿಚ್ಚಲಿಲ್ಲ. ಅವಳೇ ಬೆರಳುಗಳನ್ನು ಬಿಡಿಸಿದಳು. ಅವನು ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತ. ಪೊಟ್ಟಣ ಚಾಚಿದರೆ ಬಸವರಾಜನ ಕೈ ಮುಂದೆ ಬರಲಿಲ್ಲ.

"ಎಲ್ಲಿಂದ ಬಂತಂತ ಕೇಳಿದ್ರ ನಾ ಏನು ಹೇಳ್ಲಿ ಅವ್ವಾ?"

"ನೀ ಏನೂ ಹೇಳಬ್ಯಾಡ. ನಾನ ಬರ್ತೀನಿ ನಡಿ."

ಪಡಸಾಲೆಯಲ್ಲಿ ಬೀಗರು ಎದ್ದು ನಿಂತರು. ಸೂಗಮ್ಮ ಸೆರಗು ಸರಿಮಾಡಿಕೊಂಡಳು. "ಹಾರ್ಟ್ ಅಟ್ಯಾಕ್ ಅಲ್ರಿ. ನಮ್ಮ ಹುಡುಗ ನಶಾದ ಗುಳಿಗಿ ನುಂಗಿ ಸತ್ತಾನ," ಎಂದಳು. ಬಸವರಾಜನೊಡನೆ ಹೊಸ್ತಿಲು ದಾಟಿದಳು.

ಆಟೊ ಸಿಗುವಷ್ಟರಲ್ಲಿ ವಿಮಾನ ಎತ್ತಿದ್ದರು. ಕಾಚಿಗೂಡದ ಆ ಓಣಿಯಿಂದ ದೊಡ್ಡ ರಸ್ತೆಗೆ ದಾರಿ ಒಂದೇ. ಮುಂದೆ ಹೆಣ ಹೋಗುತ್ತಿದೆಯೆಂದು ಆಟೊದವನು ಬ್ರೇಕು ಹಾಕಿ ತಲೆ ತಗ್ಗಿಸಿದ.

"ಮಯ್ಯತ್ ಹೈ ಅಮ್ಮಾ. ಜಾನೇ ದೋ."

"ಮೇರಾಚ್ ಬೇಟಾ ಹೈ," ಎಂದಳು ಸೂಗಮ್ಮ. "ಹಾರನ್ ಬಜಾವ್."

ಹೋಗುತ್ತಿರುವುದು ತನ್ನ ಮಗನೇ ಎಂದವಳ ಮುಖವನ್ನು ಅವನು ತಿರುಗಿ ನೋಡಿದ. ಆಮೇಲೆ ಹಾರನ್ ಒತ್ತಿದ, ಬಿಡದೆ ಒತ್ತಿದ. ಹೊತ್ತವರು ಬೈಯುತ್ತ ಗೋಡೆಯ ಬದಿಗೆ ಸರಿದರು. ವಿಮಾನ ವಾಲಿ, ವಿಭೂತಿ ಬಳಿದ ವೈಜನಾಥನ ಹಣೆ ಅವಳ ಕೈಗೆಟುಕುವಷ್ಟು ಹತ್ತಿರ ಬಂತು, ಆಟೊ ಅದನ್ನು ದಾಟಿ ಮುಂದೆ ಹೋಯಿತು.