ಅಪ್ಪನ ಗೋದಲಿಯ ಪಾಲು

ಮನೆ ಪಾಲಾದಾಗ ಜನ ಪಾತ್ರೆ ಹಂಚಿಕೊಳ್ಳುತ್ತಾರೆ, ಮಂಚ ಹಂಚಿಕೊಳ್ಳುತ್ತಾರೆ. ನಾನೂ ನನ್ನ ತಮ್ಮ ಇನ್ನಾಸಪ್ಪನೂ ಕ್ರಿಸ್ಮಸ್ ಗೋದಲಿಯನ್ನೇ ಹಂಚಿಕೊಂಡ ಪುಣ್ಯಾತ್ಮರು. ಯೇಸು ಹುಟ್ಟಿದ ಕೊಟ್ಟಿಗೆಯಂತೆ ಜೋಡಿಸಿಡಲು ಅಪ್ಪ ಕೈಯಾರೆ ಮಾಡಿದ ಮಣ್ಣಿನ ಗೊಂಬೆಗಳವು. ಮಾತೆ ಮರಿಯಮ್ಮ, ಜೋಸೆಫರು, ಎರಡು ಕುರಿ ನನ್ನ ಪಾಲಿಗೆ ಬಂದವು. ಬಾಲಯೇಸು ಮತ್ತು ಮೂವರು ರಾಜರು ತಮ್ಮನ ಜೊತೆ ಗವಿಪುರಕ್ಕೆ ಹೋದರು.

ಅಲ್ಲಿಂದ ಆರು ವರ್ಷ ಚಾಮರಾಜಪೇಟೆಯ ನನ್ನ ಮನೆಯ ಗೋದಲಿಯಲ್ಲಿ ಅಂಗಡಿಯ ಪ್ಲಾಸ್ಟಿಕ್ ಕೂಸು ಮಲಗಿತು. ಅದು ಜೋಸೆಫರಿಗಿಂತ ದಪ್ಪ. ಅವನ ಮನೆಯಲ್ಲಿ ಕೂಸು ತಬ್ಬಲಿ. ಆದರೂ ಜಪ್ಪಯ್ಯ ಅಂದರೂ ಇಬ್ಬರೂ ಬಗ್ಗಲಿಲ್ಲ.

ಜಗಳ ಶುರು ಮಾಡಿದ್ದು ನಾನೇ. ಅಪ್ಪ ಸತ್ತ ಮೂವತ್ತನೆಯ ದಿನದ ಊಟಕ್ಕೆ ಕೂತ ನೆಂಟರೆಲ್ಲರ ಮುಂದೆ ತಮ್ಮನಿಗೆ, "ಮಣ್ಣು ಹಾಕೋಕೆ ಓಡಿ ಬಂದೆ, ಆಸ್ಪತ್ರೆಗೆ ಯಾಕೋ ಬರ್ಲಿಲ್ಲ?" ಎಂದುಬಿಟ್ಟೆ. ಎರಡು ವಾರ ಅಪ್ಪನ ಪಕ್ಕ ನಿದ್ದೆಗೆಟ್ಟವನು ಅವನೇ. ಕೊನೆಯ ದಿನ ಮಾತ್ರ ಇರಲಿಲ್ಲ. ನನಗೆ ಗೊತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂಗಡಿಯಿಟ್ಟು ಊರಿನ ಸಕಲ ದೇವರ ಪಟಗಳಿಗೂ ಕಟ್ಟು ಹಾಕಿ ಬದುಕುವ ನನಗೆ ಬಾಯಿಗೊಂದು ಕಟ್ಟು ಹಾಕಲು ಬರಲಿಲ್ಲ.

ಅಮ್ಮ ಇರುವುದು ನನ್ನ ಜೊತೆ. ಎಂಬತ್ತನಾಲ್ಕು ವರ್ಷ, ಕಣ್ಣು ಪೂರ್ತಿ ಮಂಜು. ಈ ಡಿಸೆಂಬರಿನಲ್ಲಿ, ಹಬ್ಬಕ್ಕೆ ಯಾವ ಸೀರೆ ತರಲಿ ಎಂದು ಕೇಳಿದೆ.

"ಸೀರೆ ಬೇಡ ಚೌರಿ. ಬಣ್ಣ ಯಾವುದಾದ್ರೆ ನನಗೇನು? ನಿಮ್ಮಿಬ್ಬರ ದನಿನೂ ಒಂದೇ ಮನೇಲಿ ಕೇಳ್ಬೇಕು. ಮುಂದಿನ ಕ್ರಿಸ್ಮಸ್‌ಗೆ ನಾನಿರ್ತೀನೋ ಇಲ್ವೋ."

ತಮ್ಮನನ್ನು ಕರೆತರಲೇಬೇಕು ಎಂದುಕೊಂಡೆ. ಆದರೆ ಹಮ್ಮು ಸುಮ್ಮನಿರುತ್ತದೆಯೇ? ಅದೊಂದು ಸುಲಭದ ದಾರಿ ಹುಡುಕಿತು. ನನ್ನ ಪಾಲಿನ ಗೊಂಬೆಗಳನ್ನೆಲ್ಲ ತಮ್ಮನಿಗೇ ಕೊಟ್ಟುಬಿಡುವುದು. ಚೌರಪ್ಪನದು ದೊಡ್ಡ ಮನಸ್ಸು ಎಂದು ನಾಲ್ಕು ಜನ ಅನ್ನಲಿ. ಇಪ್ಪತ್ತನಾಲ್ಕರ ಬೆಳಿಗ್ಗೆ ಅವುಗಳಿಗೆ ಪೇಪರ್ ಸುತ್ತಿ ಆಟೋ ಹತ್ತಿದೆ.

ಬಾಗಿಲು ತೆಗೆದವನು ಇನ್ನಾಸಪ್ಪನೇ. ತಲೆ ಪೂರ್ತಿ ಬೆಳ್ಳಗಾಗಿತ್ತು. "ಬಾಣ್ಣ" ಎಂದ, ಅಷ್ಟೇ. ಅವನ ಹೆಂಡತಿ ಕಾಫಿ ತಂದಿಟ್ಟಳು. ನಾನು ಗೊಂಬೆಗಳನ್ನು ಟೀಪಾಯಿಯ ಮೇಲೆ ಸಾಲಾಗಿ ನಿಲ್ಲಿಸಿದೆ.

"ಎಲ್ಲಾ ನೀನೇ ಇಟ್ಕೋ. ಗೋದಲಿ ಪೂರ್ತಿಯಾಗ್ಲಿ."

ಅವನು ಮರಿಯಮ್ಮನನ್ನು ಎತ್ತಿಕೊಂಡು ಮತ್ತೆ ಪೇಪರ್ ಸುತ್ತತೊಡಗಿದ.

"ಗೊಂಬೆ ಕೇಳಿದ್ನಾ ನಾನು?"

"ಇನ್ನೇನು ಬೇಕೋ ನಿನಗೆ?" ನನಗೆ ಪಿತ್ತ ನೆತ್ತಿಗೇರಿತು.

"ಅವತ್ತು ಅಷ್ಟು ಜನರ ಮುಂದೆ ಅಂದ್ಯಲ್ಲಣ್ಣ. ಇವತ್ತು ಹೊರಗಿನವರು ಯಾರೂ ಇಲ್ಲ. ಒಂದು ಮಾತು ಹೇಳೋಕಾಗಲ್ವಾ?"

ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಒಡಹುಟ್ಟಿದವನ ಜೊತೆ ರಾಜಿಯಾಗು ಎಂದು ಯೇಸುಸ್ವಾಮಿ ಹೇಳಿದ್ದನ್ನು ಚರ್ಚಿನಲ್ಲಿ ಎಷ್ಟು ಸಲ ಗಟ್ಟಿಯಾಗಿ ಓದಿದ್ದೆನೋ. ಇಲ್ಲಿ ನೋಡಿದರೆ ರಾಜಿಯ ಮಾತನ್ನು ಬಿಟ್ಟು ಬರೀ ಕಾಣಿಕೆ ಹೊತ್ತು ಬಂದಿದ್ದೆ. ನಾಚಿಕೆಯಾಯಿತು.

"ತಪ್ಪು ನಂದು ಕಣೋ. ಅಪ್ಪನ್ನ ನೋಡ್ಕೊಂಡವನು ನೀನು. ಗೊತ್ತಿದ್ದೂ ಅಂದೆ. ಕ್ಷಮಿಸ್ಬಿಡು."

ಅವನು ಎದ್ದು ಒಳಗೆ ಹೋದ. ಮುಗಿಯಿತು, ಇನ್ನು ಅಮ್ಮನಿಗೆ ಏನು ಹೇಳಲಿ ಎಂದುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಶರ್ಟು ಬದಲಾಯಿಸಿಕೊಂಡು ಬಂದ. ಜೇಬು ಉಬ್ಬಿತ್ತು.

"ನಡಿ. ಅಮ್ಮ ಏನಾದ್ರೂ ತಿಂದ್ಳಾ?"

ಗೊಂಬೆಗಳನ್ನೆಲ್ಲ ಹೊತ್ತು ನನ್ನ ಮನೆಗೆ ಬಂದವನೇ ಅಮ್ಮನ ಕೈಗೆ ಬಾಲಯೇಸುವನ್ನು ಕೊಟ್ಟ. ಅವಳು ಅದರ ಮುಕ್ಕಾದ ಮೂಗು ಸವರಿ ಮಡಿಲಿಗಿಟ್ಟುಕೊಂಡಳು. ಆಮೇಲೆ ಇಬ್ಬರ ಮುಖವನ್ನೂ ಮುಟ್ಟಿ ನೋಡಿದಳು. ನಾವು ಹಳೆಯ ಚಾಳಿಯಂತೆ ಗೋದಲಿ ಕಟ್ಟಲು ಕೂತೆವು. ನಕ್ಷತ್ರ ಎಡಕ್ಕೋ ಬಲಕ್ಕೋ, ಗೋದಲಿಗೆಂದು ತಟ್ಟೆಯಲ್ಲಿ ಬೆಳೆಸಿದ ರಾಗಿ ಪೈರು ಮುಂದೆಯೋ ಹಿಂದೆಯೋ ಎಂದು ಜೋರು ವಾದ ನಡೆಯಿತು.

ನನ್ನ ಹೆಂಡತಿ ಬಂದು ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಆರು ವರ್ಷದಿಂದ ಮಾತ್ರೆಯಿಲ್ಲದೆ ಕಣ್ಣು ಮುಚ್ಚದ ಅಮ್ಮ ಹಾಡುಹಗಲೇ ಕುರ್ಚಿಗೊರಗಿ ತೂಕಡಿಸುತ್ತಿದ್ದಳು. ನಾವು ಬಾಯಿ ಮುಚ್ಚಿದೆವು.

ಅಮ್ಮ ಕಣ್ಣು ತೆರೆಯದೆಯೇ ಹೇಳಿದಳು: "ಯಾಕ್ರೋ ನಿಲ್ಸಿದ್ರಿ? ಮಾತಾಡ್ತಿರಿ."